ಹಸಿರು ಕಾರಿನ ಕಿಲುಬು

ಇವತ್ತು ಖಂಡೆಪೂಜೆ, ಅಂದರೆ ಆಯುಧಪೂಜೆ. ಹಿತ್ತಾಳೆ ದೀಪ ತಿಕ್ಕಲು ಹುಣಸೆಹಣ್ಣು ನೆನೆಹಾಕಿದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅಜ್ಜಿಯ ಮೇಲಿನ ಹಳೆಯ ಸಿಟ್ಟು ನೆತ್ತಿಗೇರಿತು.

ನಾನು ಚಿಕ್ಕವಳಿದ್ದಾಗ ಮುಂಡರಗಿಯ ನಮ್ಮ ಮನೆಯ ಗೋಡೆಯ ಮಾಡದಲ್ಲಿ ನನ್ನ ಪುಟ್ಟ ಕಾರುಗಳು ಸಾಲಾಗಿ ನಿಂತಿರುತ್ತಿದ್ದವು. ಎಲ್ಲವೂ ಹಳೆಯ ಕಾಲದ ಅಮೆರಿಕದ ಕಾರುಗಳ ಲೋಹದ ಮಾದರಿಗಳು. ಹುಬ್ಬಳ್ಳಿಗೆ ಹೋದಾಗಲೆಲ್ಲ ಕಾಕಾ ಒಂದೊಂದು ತರುತ್ತಿದ್ದ. ಮೀನಿನ ಬಾಲದಂಥ ಹಿಂಭಾಗದ ಹಸಿರು ಕಾರೆಂದರೆ ನನಗೆ ಜೀವ.

ಒಂದು ಖಂಡೆಪೂಜೆಯ ಬೆಳಿಗ್ಗೆ ನೋಡಿದರೆ, ಅಜ್ಜಿ ಹಿತ್ತಲಲ್ಲಿ ಕೂತು ತಂಬಿಗೆಗಳ ಜೊತೆ ಆ ಕಾರಿಗೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಅರ್ಧ ಕಾರು ಬೆಳ್ಳಗಾಗಿತ್ತು.

“ಅಜ್ಜೀ, ಬಣ್ಣಾ ಎಲ್ಲಾ ಕಿತ್ತಿಯಲ್ಲ!”

“ಬಣ್ಣ ಎಲ್ಲೀದವ್ವಾ? ಹಸಿರ ಕಿಲುಬ ಹಿಡದಿತ್ತು. ಗಾಡಿ ಅಂದಮ್ಯಾಲ ಪೂಜಾ ಆಗಬೇಕಲ್ಲ?”

ಆಮೇಲೆ ಅದಕ್ಕೆ ವಿಭೂತಿ ಬಳಿದು, ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟಳು. ನಿಂಬೆಹಣ್ಣೇ ಕಾರಿಗಿಂತ ಎತ್ತರ! ನಾನು ಎರಡು ದಿನ ಮಾತು ಬಿಟ್ಟೆ. ಆಕೆಗೆ ಅದರ ಖಬರೇ ಇರಲಿಲ್ಲ.

ಅಂಥದೇ ಹಸಿರು ಕಾರನ್ನು ಮೊನ್ನೆ ಹುಡುಕಿ ತರಿಸಿದ್ದೇನೆ. ಅದನ್ನು ಮೋಟರ್‌ಸೈಕಲ್ ಪಕ್ಕ ಇಟ್ಟು, ಬುಟ್ಟಿಯಲ್ಲಿ ಎಲ್ಲಕ್ಕಿಂತ ಸಣ್ಣ ನಿಂಬೆಹಣ್ಣು ಹುಡುಕುತ್ತಿದ್ದೆ.

“ಇದಕ್ಕೂ ಪೂಜಾ ಏನ?” ಎಂದು ಯಜಮಾನರು ನಕ್ಕರು.

“ಗಾಡಿ ಅಂದಮ್ಯಾಲ ಪೂಜಾ ಆಗಬೇಕಲ್ರಿ!” ಎಂದು ರೇಗಿದೆ.