ವಿಮಾನ ಹತ್ತದವಳು
ಸರ್ಕಾರದ ವಿಮಾನ ಬಂದಿತ್ತು, ನನ್ನ ಮೊಮ್ಮಗಳೇ ಹತ್ತಲಿಲ್ಲ, ನಡೆದದ್ದು ಇಷ್ಟೇ. ಪರದೇಶದಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ ಅವಳದು. ಅಲ್ಲಿ ಗಲಭೆ ಎದ್ದಾಗ, ನಮ್ಮವರೆಲ್ಲ ಹೊರಟು ಬನ್ನಿ ಎಂದು ಟಿವಿಯಲ್ಲಿ ಹೇಳಿದರು. ನಾನು ಲಗ್ಗೆರೆಯ ಮನೆಯ ತಾರಸಿಯಲ್ಲಿ ಅವಳ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಅವಳಿಗಿಷ್ಟವೆಂದು ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಸಂಜೆ ಅವಳ ಫೋನು ಬಂತು.

"ಅಜ್ಜಿ, ವಿಮಾನ ನಮ್ಮ ದೇಶದವ್ರಿಗೆ ಮಾತ್ರ. ಈ ಮುದುಕಮ್ಮನ ಮಕ್ಳು ಊರು ಬಿಟ್ಟು ಓಡೋಗಿದಾರೆ. ಒಂದ್ ಲೋಟ ನೀರು ಕೊಡೋರಿಲ್ಲ. ಹೆಂಗ್ ಬರ್ಲಿ?"

"ನಾನೂ ಮುದುಕೀನೇ ಕಣೇ!"

"ನಿಂಗೆ ಕೈಕಾಲು ಗಟ್ಟಿಯಾಗಿದೆ. ಬಾಯಂತೂ ಇನ್ನೂ ಗಟ್ಟಿ."

ಬೈದು ಫೋನಿಟ್ಟೆ. ರಾತ್ರಿ ತಟ್ಟೆಗೆ ಬಡಿಸಿಕೊಂಡದ್ದನ್ನು ಹಾಗೇ ಮುಚ್ಚಿಟ್ಟೆ. ಮಾರನೆಯ ಬೆಳಿಗ್ಗೆ ನಾನೇ ಫೋನು ಮಾಡಿ, ಆ ಮುದುಕಿ ಏನಾದರೂ ತಿಂದಳಾ ಎಂದು ಕೇಳಿದೆ.