ಟೆರೇಸಿನ ಮೇಲಿನ ತಂತಿ

ಆ ಭಾನುವಾರ ಬೆಳಿಗ್ಗೆ ನಾನು ದೊಡ್ಡ ಬಾಣಲೆಯಲ್ಲಿ ಉಪ್ಪಿಟ್ಟು ಮಾಡಿದ್ದೆ. ಡೊಂಬಿವಲಿಯ ನಮ್ಮ ಸಣ್ಣ ಹಾಲ್‌ನಲ್ಲಿ ಬಿಲ್ಡಿಂಗಿನ ಮಕ್ಕಳೆಲ್ಲ ಕಾಲು ಮಡಚಿ ನೆಲದ ಮೇಲೆ ಕೂತಿದ್ದರು. ನಡುವೆ ಟೀಪಾಯಿಯ ಮೇಲೆ ನಮ್ಮವರ ರೇಡಿಯೊ, ಕೇಳಲೂ ಮಾತಾಡಲೂ ಆಗುವಂಥದ್ದು. ಅದರ ಕಪ್ಪು ಕೇಬಲ್ಲು ಕಿಟಕಿಯಿಂದ ಹೊರಗೆ ಹೋಗಿ, ಗೋಡೆ ಹತ್ತಿ, ಟೆರೇಸಿನಲ್ಲಿ ಎರಡು ಬಿದಿರಿನ ನಡುವೆ ಕಟ್ಟಿದ ತಾಮ್ರದ ತಂತಿಗೆ ಸೇರುತ್ತಿತ್ತು. ಫ್ಯಾನ್ ಬಂದ್ ಮಾಡಿಸಿದ್ದರು. ಫ್ಯಾನಿನ ಸದ್ದಿನಲ್ಲಿ ದೂರದ ದನಿ ಮುಳುಗಿಹೋಗುತ್ತದಂತೆ. ಎಲ್ಲರೂ ಬೆವರುತ್ತ ಕಿವಿಗೊಟ್ಟು ಕೂತಿದ್ದಾಗ, ಕರಕರ ಸದ್ದಿನ ಒಳಗಿನಿಂದ ಕೊಚ್ಚಿಯ ಒಬ್ಬ ವಯಸ್ಸಾದವರ ದನಿ ಬಂತು. ಹೆಂಡತಿ ತವರಿಗೆ ಹೋಗಿದ್ದಾಳೆ, ತಾನೇ ಅವಿಯಲ್ ಮಾಡಲು ಹೊರಟಿದ್ದೇನೆ, ನುಗ್ಗೆಕಾಯಿ ಮೊದಲು ಹಾಕುವುದೋ ಕೊನೆಗೋ ತಿಳಿಯುತ್ತಿಲ್ಲ ಎಂದು ಅವರು ಇಂಗ್ಲಿಷಿನಲ್ಲಿ ಯಾರೊಡನೆಯೋ ಸಂಕಟ ತೋಡಿಕೊಳ್ಳುತ್ತಿದ್ದರು.

ಮೂರನೇ ಮಹಡಿಯ ಶ್ರಾವಣಿ ಅಡುಗೆಮನೆಗೆ ಓಡಿ ಬಂದಳು. "ಆಂಟಿ, ಜಲ್ದಿ! ಕೇರಳದ ಅಂಕಲ್‌ಗೆ ಅವಿಯಲ್ ಬರೋದಿಲ್ಲ!"

"ಮೊದ್ಲು ನುಗ್ಗೆ ಹಾಕ್ಲಿಕ್ಕೆ ಹೇಳು. ಬೇಯ್ಲಿಕ್ಕೆ ಹೊತ್ತು ಬೇಕು," ಎಂದೆ.

ನಮ್ಮವರು ಅದನ್ನು ಮೈಕಿನಲ್ಲಿ ಹೇಳಿದರು. ಕೊಚ್ಚಿಯಿಂದ "ಥ್ಯಾಂಕ್ ಯೂ, ಮೇಡಮ್" ಎಂದು ಉತ್ತರ ಬಂತು. ಮಕ್ಕಳು ನಕ್ಕು ನಕ್ಕು ಉರುಳಿದರು. ಎಸ್ಸೆಸ್ಸೆಲ್ಸಿಯಲ್ಲಿ ನಿಂತವಳು ನಾನು. ಉಡುಪಿ ಕಡೆಯವಳ ಮಾತು ಗಾಳಿಯಲ್ಲಿ ಹಾರಿ ಕೇರಳದವರಿಗೆ ಅವಿಯಲ್ ಕಲಿಸಿತಲ್ಲ ಎಂದು ದಿನವಿಡೀ ಬೀಗಿದೆ. ಮರುದಿನ ಏನಾಗುವುದೆಂದು ಗೊತ್ತಿದ್ದರೆ ಅಷ್ಟು ಬೀಗುತ್ತಿರಲಿಲ್ಲ.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ಶಾಲು. ಕುರ್ಚಿಯ ಬೆನ್ನಿಗೆ ಹಾಕಿದ್ದೇನೆ. ಹೊಸ ಬಟ್ಟೆಯ ಗಂಜಿ ವಾಸನೆ ಇನ್ನೂ ಹೋಗಿಲ್ಲ. ಮೊನ್ನೆ ನೆರೂಳದಲ್ಲಿ ಒಂದು ಸಭೆಗೆ ಕರೆದು, ತೀರಿಹೋದ ನಮ್ಮವರ ಹೆಸರಿನಲ್ಲಿ ನನಗೆ ಹೊದಿಸಿದ್ದು. ಸಭೆಯ ವಿಷಯ, ಯುವಜನರನ್ನು ಹವ್ಯಾಸಿ ರೇಡಿಯೊ ಕಡೆಗೆ ಸೆಳೆಯುವುದು ಹೇಗೆ ಎಂಬುದು. ಮುಖ್ಯ ಭಾಷಣ ನಮ್ಮ ಬಿಲ್ಡಿಂಗಿನ ಪ್ರಸಾದರದ್ದು; ಸಭೆಯ ಖರ್ಚು ಅವರ ಕಂಪನಿಯದ್ದಂತೆ. ಅವರ ವಿಚಾರಕ್ಕೆ ಆಮೇಲೆ ಬರುತ್ತೇನೆ. ಸಿಟ್ಟಿನಲ್ಲಿ ಹೇಳಲು ಹೊರಟರೆ ಹಿಂದುಮುಂದಾಗುತ್ತದೆ.

ನಮ್ಮವರು ಥಾಣೆ ಊರಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಲೋಕಲ್ ರೈಲಿನಲ್ಲಿ ಜೋತಾಡಿ ಹೋಗಿ, ಜೋತಾಡಿ ಬಂದು, ಚಹಾ ಕುಡಿದು ರೇಡಿಯೊ ಮುಂದೆ ಕೂರುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ಆಸೆ: ಈ ಬಿಲ್ಡಿಂಗಿನ ಒಂದು ಮಗುವಾದರೂ ಪರೀಕ್ಷೆ ಪಾಸಾಗಿ, ಸ್ವಂತ ಕಾಲ್‌ಸೈನ್ ಪಡೆದು, ನಮ್ಮ ಟೆರೇಸಿನ ತಂತಿಯಿಂದ ಮಾತಾಡಬೇಕು. ಕಾಲ್‌ಸೈನ್ ಎಂದರೆ ಗಾಳಿಯಲ್ಲಿ ಮಾತಾಡುವವರಿಗೆ ಸರ್ಕಾರ ಕೊಡುವ ಹೆಸರು. ಅದು ಇಲ್ಲದವರು ಕೇಳಬಹುದು, ಮಾತಾಡುವಂತಿಲ್ಲ. ಆ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಮಕ್ಕಳ ಕೈಗೆ ಮೈಕಿನ ಬದಲು ನನ್ನ ಸ್ಟೀಲ್ ಲೋಟ ಕೊಡುತ್ತಿದ್ದರು.

"ಮಾತಾಡುವ ಮೊದ್ಲು ಎಂಥ ಮಾಡ್ಬೇಕು?"

"ಕೇಳ್ಬೇಕು!" ಮಕ್ಕಳು ಕೂಗುತ್ತಿದ್ದರು.

"ಮತ್ತೆ?"

"ಇಲ್ಲಿ ಯಾರಾದ್ರೂ ಇದ್ದೀರಾ ಅಂತ ವಿಚಾರಿಸ್ಬೇಕು. ಕಾಯ್ಬೇಕು. ಇನ್ನೊಮ್ಮೆ ವಿಚಾರಿಸ್ಬೇಕು."

ಇದು ರೇಡಿಯೊದವರ ಪದ್ಧತಿಯಂತೆ. ಇನ್ನೊಬ್ಬರು ಮಾತಾಡುತ್ತಿರುವ ಜಾಗಕ್ಕೆ ನುಗ್ಗಬಾರದು. ಲೋಟ ಹಿಡಿದು ಶ್ರಾವಣಿ ಎಷ್ಟು ಗಂಭೀರವಾಗಿ "ಇಲ್ಲಿ ಯಾರಾದ್ರೂ ಇದ್ದೀರಾ?" ಎನ್ನುತ್ತಿದ್ದಳೆಂದರೆ, ಒಲೆಯ ಮುಂದಿದ್ದ ನನಗೆ "ಇದ್ದೇನೆ ಮಾರಾಯ್ತಿ" ಎನ್ನಬೇಕೆನಿಸುತ್ತಿತ್ತು.

ನಾನೂ ಮೊದಮೊದಲು ತಂತಿಗೆ ಮರ್ಯಾದೆ ಕೊಟ್ಟವಳಲ್ಲ. ಒಮ್ಮೆ ಅದರ ಹಗ್ಗಕ್ಕೆ ಒಗೆದ ಸೀರೆ ಹರವಿದ್ದೆ. ನಮ್ಮವರು ಮೆಟ್ಟಿಲಲ್ಲೇ ನಿಂತು, "ಇಳಿಸು ಇಳಿಸು, ನಿನ್ನ ಸೀರೆ ಕೊಲಂಬೊಗೆ ಹೋಗ್ತಾ ಉಂಟು!" ಎಂದು ಕೂಗಿದ್ದರು.

ಆದರೆ ಬಿಲ್ಡಿಂಗಿನವರು ತಂತಿಯ ಮೇಲೆ ಹೊರಿಸಿದ ಆಪಾದನೆಗಳನ್ನು ಕೇಳಿ. ಒಬ್ಬರಿಗೆ ತಲೆನೋವು, ಒಬ್ಬರಿಗೆ ಸಿಡಿಲಿನ ಭಯ. ಧಾರಾವಾಹಿಯ ಹೊತ್ತಿಗೆ ಟೀವಿಯಲ್ಲಿ ಗೆರೆ ಬರುತ್ತದೆ ಎಂದು ಪ್ರಸಾದರ ಮನೆಯಿಂದ ನಿತ್ಯ ದೂರು. ಪ್ರಸಾದರು ಮೈಸೂರಿನವರು, ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಕೆಲಸ, ನಮ್ಮ ಬಿಲ್ಡಿಂಗಿನ ಸೊಸೈಟಿಗೆ ಸೆಕ್ರೆಟರಿ. ಒಮ್ಮೆ ನಾವು ಊರಿಗೆ ಹೋಗಿ ಬಂದ ದಿನವೇ ಮೇಲೆ ಬಂದರು.

"ಸಾರ್, ಈ ವಾರವೆಲ್ಲ ವಿಪರೀತ ಗೆರೆ ಕಣ್ರೀ. ರಾತ್ರಿ ಎಲ್ಲಾ ಏನ್ ಮಾತಾಡ್ತೀರಿ ಅಷ್ಟೊಂದು?"

ನಮ್ಮವರು ಬಾಗಿಲಲ್ಲೇ ಇದ್ದ ಬ್ಯಾಗು ತೋರಿಸಿದರು. "ಈಗ ಬಂದದ್ದು ನಾವು. ರೇಡಿಯೊ ಕಪಾಟಿನಲ್ಲಿ ಬೀಗ ಹಾಕಿ ಇಟ್ಟು ಹೋಗಿದ್ದೆವು."

ಪ್ರಸಾದರು ಸ್ವಲ್ಪ ಯೋಚಿಸಿ, "ತಂತಿ ಅಂತೂ ಮೇಲೇ ಇತ್ತಲ್ಲ?" ಎಂದರು. ಇದಕ್ಕೆ ಏನು ಹೇಳುತ್ತೀರಿ?

ಅವರ ಮಗ ನಿಖಿಲನೂ ಭಾನುವಾರ ಬರುತ್ತಿದ್ದ. ಒಳ್ಳೆಯ ಕಿವಿ ಅವನದ್ದು. ಯಾರಿಗೂ ಕೇಳದ ದನಿ ಅವನಿಗೆ ಕೇಳುತ್ತಿತ್ತು. ಒಂದು ದಿನ ತಂದೆಯೇ ಬಂದು ಕರೆದುಕೊಂಡು ಹೋದರು. "ಇದ್ರಿಂದ ಮಾರ್ಕ್ಸ್ ಬರತ್ತಾ ಸಾರ್? ಟೆಂತು ಬೇರೆ. ತಪ್ಪು ತಿಳ್ಕೋಬೇಡಿ." ಅವನು ಬಾಗಿಲ ತನಕ ಹಿಂತಿರುಗಿ ರೇಡಿಯೊ ನೋಡುತ್ತಲೇ ಹೋದ. ನಾನು ತಪ್ಪು ತಿಳಿದುಕೊಂಡೆ. ಈಗಲೂ ತಿಳಿದುಕೊಂಡೇ ಇದ್ದೇನೆ.

ಅವಿಯಲ್ ಹೇಳಿಕೊಟ್ಟ ಮರುದಿನ ಸೋಮವಾರ. ನಮ್ಮವರು ಕೆಲಸಕ್ಕೆ ಹೋದ ಮೇಲೆ ಹಪ್ಪಳ ಒಣಗಿಸಲು ಟೆರೇಸಿಗೆ ಹೋದೆ. ಬಿದಿರುಗಳು ಮಲಗಿದ್ದವು. ಕೇಬಲ್ಲು ತುಂಡಾಗಿತ್ತು. ತಂತಿಯನ್ನು ಮುದ್ದೆ ಮಾಡಿ ನೀರಿನ ಟಾಂಕಿಯ ಬುಡಕ್ಕೆ ಎಸೆದಿದ್ದರು. ಹಪ್ಪಳದ ಹಾಳೆ ಹಿಡಿದುಕೊಂಡೇ ಪ್ರಸಾದರ ಬೆಲ್ ಒತ್ತಿದೆ.

"ಹಂಗಲ್ಲ ಕಣಮ್ಮಾ. ಟೆರೇಸು ಎಲ್ಲರದ್ದು. ಕಮಿಟೀಲಿ ಡಿಸೈಡ್ ಆಯ್ತು, ಸೇಫ್ಟಿ ನೋಡಿ."

"ನಮ್ಮನ್ನೊಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ರಿ," ಎಂದರು ಅವರು, ನಗುತ್ತ.

ಮಳೆಗಾಲ ಮುಗಿಯುತ್ತಲೇ ಅದೇ ಜಾಗದಲ್ಲಿ ಮೊಬೈಲ್ ಕಂಪನಿಯ ಕಬ್ಬಿಣದ ಟವರು ಎದ್ದಿತು. ಸೊಸೈಟಿಗೆ ಬಾಡಿಗೆ ಬಂತು, ಲಿಫ್ಟಿಗೆ ಹೊಸ ಕನ್ನಡಿ ಬಂತು. ಟವರಿನಿಂದ ಯಾರಿಗೂ ತಲೆನೋವು ಬರಲಿಲ್ಲ. ಸಿಡಿಲಿನ ಭಯವೂ ಹೋಯಿತು. ಟೆರೇಸಿಗೆ ಬೀಗ ಬಿತ್ತು, ಕೀ ಪ್ರಸಾದರ ಮನೆಯ ಮೊಳೆಗೆ ಹೋಯಿತು. ಅಂದಿನಿಂದ ನನ್ನ ಹಪ್ಪಳ ಕಿಟಕಿಯ ಗ್ರಿಲ್ಲಿನಲ್ಲೇ ಒಣಗುತ್ತದೆ.

ನಮ್ಮವರು ಜಗಳ ಆಡುವವರಲ್ಲ. ಅರ್ಜಿ ಬರೆದರು, ಮೀಟಿಂಗಿನಲ್ಲಿ ನಿಂತು ಕೇಳಿದರು, ಕೂತರು. ಆಮೇಲೆ ಕಿಟಕಿಯ ಗ್ರಿಲ್ಲಿಗೇ ತಂತಿ ಸುತ್ತಿ ನೋಡಿದರು. ರೇಡಿಯೊದಲ್ಲಿ ಕೇಳಿಸಿದ್ದು ಲಿಫ್ಟಿನ ಮೋಟರು, ಅಕ್ಕಪಕ್ಕದ ಟ್ಯೂಬ್‌ಲೈಟು. ಮಕ್ಕಳು ಎರಡು ಭಾನುವಾರ ಬಂದು ಆ ಭರ್ರೆಂಬ ಸದ್ದನ್ನು ಕೇಳಿದರು, ಉಪ್ಪಿಟ್ಟು ತಿಂದರು, ಮೂರನೆಯ ವಾರ ಬರಲಿಲ್ಲ. ಅವರಿಗೆ ಆಸಕ್ತಿ ಹೋಯಿತು ಎಂದವರ ಬಾಯಿಗೆ ನನ್ನ ಸುಡುವ ಉಪ್ಪಿಟ್ಟು ಹಾಕಬೇಕು. ಕೇಳಲು ಏನಾದರೂ ಉಳಿಸಿದ್ದರೆ ತಾನೇ ಕೇಳುವುದು?

ಶ್ರಾವಣಿ ಒಬ್ಬಳು ಮಾತ್ರ ಬಿಡಲಿಲ್ಲ. ಪುಸ್ತಕ ಹಿಡಿದು ಬರುತ್ತಿದ್ದಳು, ಪರೀಕ್ಷೆ ಕಟ್ಟಿದಳು, ಪಾಸಾದಳು. ಕಾಲ್‌ಸೈನಿನ ಪರವಾನಗಿ ಕೈಗೆ ಬರುವ ಹೊತ್ತಿಗೆ ಆ ಹುಡುಗಿ ಶಾಲೆ ಮುಗಿಸಿ ಕಾಲೇಜು ಸೇರಿದ್ದಳು. ಅಷ್ಟರಲ್ಲಿ ನಮ್ಮವರು ಇರಲಿಲ್ಲ. ತಂತಿ ಹೋದದ್ದಕ್ಕೇ ಹೋದರು ಎಂದು ನಾನು ಹೇಳುವುದಿಲ್ಲ. ಡಾಕ್ಟರು ಹಾರ್ಟ್ ಎಂದರು. ಕೊನೆಯ ದಿನಗಳಲ್ಲಿ ಅವರು ಸಂಜೆ ಚಹಾ ಕುಡಿದು ಸುಮ್ಮನೆ ಕೂರುತ್ತಿದ್ದರು ಎಂದಷ್ಟೇ ಹೇಳುತ್ತೇನೆ.

ಈಗ ನೆರೂಳದ ಸಭೆ. ಪ್ರಸಾದರು ಮೈಕಿನ ಮುಂದೆ ನಿಂತು, "ಇವತ್ತಿನ ಯೂತ್‌ಗೆ ಪೇಷನ್ಸೇ ಇಲ್ಲ. ಮೊಬೈಲ್ ಬಂತು, ಹಾಬಿ ಹೋಯ್ತು. ನಮ್ಮ ಬಿಲ್ಡಿಂಗಲ್ಲೇ ಒಬ್ಬ ಮಹನೀಯರು ಇದ್ರು, ಕಲಿಯೋಕೆ ಒಬ್ಬ ಹುಡುಗನೂ ಬರ್ಲಿಲ್ಲ," ಎಂದರು. ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಶ್ರಾವಣಿ ನನ್ನ ಕೈ ಹಿಡಿದುಕೊಂಡಳು.

ಎರಡು ಮಾತಾಡಿ ಎಂದು ನನ್ನ ಕೈಗೆ ಮೈಕು ಕೊಟ್ಟರು. ನನಗೆ ಸ್ಟೀಲ್ ಲೋಟ ನೆನಪಾಯಿತು. "ಮಕ್ಕಳು ಬಂದಿದ್ರು. ನಿಮ್ಮ ನಿಖಿಲನೂ ಬಂದಿದ್ದ," ಎಂದೆ ಪ್ರಸಾದರ ಕಡೆ ನೋಡಿ. ಆಮೇಲೆ ಸಭೆಯ ಕಡೆ ತಿರುಗಿದೆ. "ನಿಮ್ಮ ಟೆರೇಸಿನಲ್ಲಿ ಒಂದು ತಂತಿ ಕಟ್ಲಿಕ್ಕೆ ಬಿಡುವವರು ಇಲ್ಲಿ ಯಾರಾದ್ರೂ ಇದ್ದೀರಾ?" ಕಾದೆ. ಇನ್ನೊಮ್ಮೆ ಕೇಳಿದೆ. ಕಾದೆ. ಪ್ರಸಾದರು ಮೊಬೈಲ್ ನೋಡುತ್ತಿದ್ದರು. ಭಾಷಣ ಮುಗಿಯಿತೆಂದುಕೊಂಡು ಯಾರೋ ಚಪ್ಪಾಳೆ ತಟ್ಟಿದರು.

ಬರುವಾಗ ಲೋಕಲ್‌ನಲ್ಲಿ ಶ್ರಾವಣಿ ಕೇಳಿದಳು, "ಆಂಟಿ, ಅಂಕಲ್‌ನ ರೇಡಿಯೊ ಚಾಲೂ ಆಗ್ತದಾ?"

"ನೋಡಿದವರು ಯಾರು?"

ನಿನ್ನೆ ಕಪಾಟು ತೆಗೆದೆವು. ಇಷ್ಟು ವರ್ಷ ಅದರ ಬಾಗಿಲು ಮುಟ್ಟಲು ನನ್ನ ಕೈ ಬರುತ್ತಿರಲಿಲ್ಲ. ಧೂಳು ಒರೆಸಿ, ಗ್ರಿಲ್ಲಿನ ಹಳೆ ತಂತಿಗೆ ಸೇರಿಸಿ ಸ್ವಿಚ್ ಹಾಕಿದರೆ, ಹಳದಿ ದೀಪ ಹತ್ತಿತು. ತೆರೆದ ಬಾಗಿಲಲ್ಲಿ ಹೊಸ ಬಾಡಿಗೆದಾರರ ಮಕ್ಕಳು ನಿಂತು ಇಣುಕಿದರು. "ಯೇ ಕ್ಯಾ ಹೈ, ದೀದೀ?" ಇದೇನೆಂದು ಶ್ರಾವಣಿಯನ್ನು ಕೇಳುತ್ತ, ಕರೆಯದೆಯೇ ಬಂದು ನೆಲದ ಮೇಲೆ ಕೂತರು. ಶ್ರಾವಣಿ ಫ್ಯಾನ್ ಬಂದ್ ಮಾಡಿ, ಮೈಕು ಕೈಗೆತ್ತಿಕೊಂಡು, ಯೋಚಿಸಿ, ಕೆಳಗಿಟ್ಟಳು. ಮಾತಾಡುವ ಮೊದಲು ಕೇಳಬೇಕಲ್ಲ. ರೇಡಿಯೊದಲ್ಲಿ ಬರೀ ಲಿಫ್ಟಿನ ಸದ್ದು. ಆದರೂ ಮಕ್ಕಳು ಬೆವರುತ್ತ ಕಿವಿಗೊಟ್ಟು ಕೂತೇ ಇದ್ದರು.

ಟೆರೇಸಿನ ಮೇಲೆ ತಂತಿ ಇಲ್ಲ.