ಖಾಡಿ ದಂಡೆಯ ನಾಗಬನ

ಮುಂಬೈಯಲ್ಲಿ, ಸಮುದ್ರದ ಹಿನ್ನೀರಿನ ಖಾಡಿಯ ದಂಡೆಯ ನಿಸರ್ಗಧಾಮದಲ್ಲಿ ನಮ್ಮ ಭಾನುವಾರದ ನಡಿಗೆ ಯಾವಾಗಲೂ ಮುಗಿಯುತ್ತಿದ್ದದ್ದು ಒಂದು ಪೊದೆಯ ಎದುರು. ಅದಕ್ಕೆ ಹೆಸರಿರಲಿಲ್ಲ. ಗೇಟಿನ ಬಳಿಯ ನಕ್ಷೆಯಲ್ಲಿ ಅದು ಬರೀ ಹಸಿರು ಬಳಿದ ಮೂಲೆ. ಒಂದು ಹಳೆಯ ಗೋಳಿಮರ, ಅದರ ಬಿಳಲುಗಳಿಗೆ ಹೆಣೆದುಕೊಂಡ ಮುಳ್ಳುಬಳ್ಳಿ, ಅಂಚಿನಲ್ಲಿ ಕೇದಗೆ, ನಡುವೆ ಬೇಸಿಗೆಯಲ್ಲೂ ಪೂರ್ತಿ ಒಣಗದ ಒಂದು ತಗ್ಗು. ಆ ಕೆಸರುನೀರಿಗೆ ಹುಂಡುಕೋಳಿ ತನ್ನ ಕಪ್ಪು ಮರಿಗಳನ್ನು ಕರೆದುಕೊಂಡು ಬರುತ್ತಿತ್ತು. ಒಳಗೆಲ್ಲೋ ಕೆಂಬೂತ ಕೊಡದಿಂದ ನೀರು ಸುರಿದಂತೆ ಕೂಗುತ್ತಿತ್ತು. ಹಾರ್ಬರ್ ಲೈನಿನ ಲೋಕಲ್ ಗಾಡಿಯ ಸದ್ದು ಅಲ್ಲಿಗೂ ಬರುತ್ತಿತ್ತು, ಆದರೆ ಎಲೆಗಳಲ್ಲಿ ಸೋಸಿಕೊಂಡು, ಮೆತ್ತಗೆ.

ನಾನು ಅಲ್ಲಿ ಸ್ವಯಂಸೇವಕಿ. ಮಗಳು ಪಾರ್ಲೆಯ ಕಾಲೇಜಿಗೆ ಸೇರಿದ ವರ್ಷ, ಮನೆಯಲ್ಲಿ ಹಗಲು ಉದ್ದವಾದಾಗ, ನಿಸರ್ಗಧಾಮದವರು ನಡೆಸುತ್ತಿದ್ದ ತರಬೇತಿಗೆ ಹೋಗಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಪ್ರಕೃತಿ ಪಾಠ ಮಾಡಿದ್ದು ವಿಲಾಯತಿ ಪುಸ್ತಕದಿಂದ. ಹಿಮದಲ್ಲಿ ಅರಳುವ ಹೂವಿನ ಚಿತ್ರಕ್ಕೆ ನಾನು ಬಣ್ಣ ತುಂಬಿದ್ದೇನೆ. ಅಡುಗೆಮನೆಯ ಗ್ರಿಲ್ಲಿನ ಮೇಲೆ ದಿನವೂ ಕೂರುವ ಜುಟ್ಟಿನ ಹಕ್ಕಿಗೆ ಪಿಕಳಾರ ಎನ್ನುತ್ತಾರೆಂದು ತಿಳಿದದ್ದು ನಲವತ್ತು ದಾಟಿದ ಮೇಲೆ. ವಡಾಲ, ಮಾಟುಂಗದ ಬಿಲ್ಡಿಂಗುಗಳ ಕನ್ನಡದ ಹೆಂಗಸರ ಗುಂಪನ್ನು ನನಗೆ ಒಪ್ಪಿಸಿದರು. ಮನೆಯಲ್ಲಿ ನಾನು ಮಾತಾಡಿದರೆ ಟಿವಿಯ ಸದ್ದು ತಗ್ಗಿಸುವವರಿಲ್ಲ. ಆ ಪೊದೆಯ ಮುಂದೆ ನಾನು ಪಿಸುಗುಟ್ಟಿದರೂ ಹೆಂಗಸರು ಕಿವಿಯ ಮೇಲಿನ ಸೆರಗು ಸರಿಸಿ ಕೇಳುತ್ತಿದ್ದರು. ಹಳೆಯ ಪೇಪರ್ ಹಾಸಿ, ಮಾತಿಲ್ಲದೆ ಸ್ವಲ್ಪ ಹೊತ್ತು ಕೂತು, ಕಂಡದ್ದನ್ನು ಕೊನೆಯಲ್ಲಿ ಹೇಳಬೇಕು ಎನ್ನುವುದು ನಮ್ಮ ಪದ್ಧತಿ. ಒಬ್ಬರಿಗೆ ಜೇಡನ ಮೊಟ್ಟೆಯ ಚೀಲ ಕಂಡಿರುತ್ತಿತ್ತು, ಇನ್ನೊಬ್ಬರಿಗೆ ಬರೀ ಇರುವೆ. ನನಗೆ ಎರಡೂ ಒಂದೇ.

ಒಂದು ಬೇಸಿಗೆಯಲ್ಲಿ ಗೋಳಿಮರದ ಕಾಂಡದ ಮೇಲೆ ಕೆಂಪು ಬಣ್ಣದ ಗುರುತು ಬಿತ್ತು. ಜಾಗಿಂಗ್ ಟ್ರ್ಯಾಕ್ ಬರುತ್ತದೆ, ಲೈಟಿನ ಕಂಬ ಬರುತ್ತದೆ, ಅದು ಈ ಮೂಲೆಯ ನಡುವಿನಿಂದಲೇ ಹೋಗುತ್ತದೆ ಎಂದರು. ಕೆಲಸ ಮಳೆಗಾಲ ಮುಗಿದ ಮೇಲೆ. ನಾವು ಸಹಿ ಹಾಕಿ ಮನವಿ ಕೊಟ್ಟೆವು. ಉಸ್ತುವಾರಿಯ ಸಾಹೇಬರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ದೇಖತೇ ಹೈ ಮೇಡಂ" ಎಂದು ಪೇಪರ್‌ವೇಟಿನ ಕೆಳಗಿಟ್ಟರು. ಅಷ್ಟು ಮರ್ಯಾದೆಯಿಂದ ತೆಗೆದುಕೊಂಡಾಗಲೇ ಆಗುವುದಿಲ್ಲವೆಂದು ನನಗೆ ತಿಳಿಯಿತು.

ನಮ್ಮ ಗುಂಪಿನ ಹಿರಿಯರು ನಮ್ಮದೇ ಬಿಲ್ಡಿಂಗಿನ ಕೆಳಮಾಳಿಗೆಯವರು. ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುತ್ತಿದ್ದವರ ಹೆಂಡತಿ, ಈಗ ಒಬ್ಬರೇ. ಎಲ್ಲರಿಗೂ ದೊಡ್ಡಮ್ಮ. ಪ್ರತಿ ನಾಗರಪಂಚಮಿಗೆ ಉಡುಪಿ ಕಡೆಯ ತಮ್ಮ ಕುಟುಂಬದ ನಾಗಬನಕ್ಕೆ ಹೋಗಿ ನಾಗನಿಗೆ ತನು, ಅಂದರೆ ಹಾಲು ಎಳನೀರು, ಎರೆದು ಬರುತ್ತಿದ್ದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರಿಂದ ಆ ವರ್ಷ ರೈಲು ಹತ್ತಬಾರದೆಂದು ಡಾಕ್ಟರ್ ಹೇಳಿದ್ದರು.

ಪಂಚಮಿಯ ಹಿಂದಿನ ಭಾನುವಾರ, ಜಿಟಿಜಿಟಿ ಮಳೆಯಲ್ಲಿ, ಪೊದೆಯ ಮುಂದೆ ಕೊಡೆ ಹಿಡಿದು ನಿಂತಿದ್ದಾಗ ಅವರು ಅಂದರು:

"ಇದು ಬನವೇ ಅಲ್ವಾ ಮಾರಾಯ್ತಿ. ಗೋಳಿ ಉಂಟು, ಕೇದಗೆ ಉಂಟು, ತಂಪು ಉಂಟು. ಇನ್ನೆಂತ ಬೇಕು? ಊರಲ್ಲಿ ಬನದ ಒಂದು ಕಡ್ಡಿ ಮುರೀಲಿಕ್ಕೆ ಯಾರಿಗಾದ್ರೂ ಧೈರ್ಯ ಉಂಟಾ? ಒಂದು ಕಲ್ಲಿಗೆ ಅರಿಶಿನ ಹಾಕಿ ಹಾಲೆರೆದ್ರೆ, ಮತ್ತೆ ಆ ಕಂತ್ರಾಟುದಾರ ಅಲ್ಲ, ಅವನ ಅಪ್ಪ ಬಂದ್ರೂ ಕೈ ಹಾಕುದಿಲ್ಲ."

ಧಾರವಾಡದ ಒಬ್ಬ ಅಕ್ಕ ನಮ್ಮ ಗುಂಪಿನಲ್ಲಿದ್ದರು. ಗಂಡ ಬ್ಯಾಂಕಿನಲ್ಲಿ. ನನ್ನನ್ನು ಟೀಚರಿಗೆ ಕರೆಯುವ ಹಾಗೆ 'ಬಾಯಾರ' ಎಂದು ಚುಡಾಯಿಸುತ್ತಿದ್ದವರು. ಅವರು ನಕ್ಕರು. "ನಿಮ್ಮೂರ ನಾಗಪ್ಪಗ ಮರಾಠಿ ಬರ್ತದೇನ್ರಿ ದೊಡ್ಡಮ್ಮಾರ? ಕೂಲಿ ಮಂದಿಗೆ ತಿಳಿಬೇಕಲ್ಲ."

"ನಾಗನಿಗೆ ಭಾಷೆ ಎಂತಕ್ಕೆ? ನಿನ್ನ ಹಾಗೆ ಬಾಯಿ ಮಾಡ್ಲಿಕ್ಕುಂಟಾ ಅವನಿಗೆ?"

ಪಂಚಮಿಯ ದಿನ ದೊಡ್ಡಮ್ಮ ಸ್ಟೀಲಿನ ಗಿಂಡಿಯಲ್ಲಿ ಹಾಲು ತಂದರು. ಮರದ ಬುಡದ ಕರಿಕಲ್ಲೊಂದನ್ನು ತೊಳೆದು ಅರಿಶಿನ ಹಚ್ಚಿದರು. ಪ್ರತಿಷ್ಠೆ ಏನಲ್ಲ, ಬರೀ ಗುರುತು ಎಂದು ತಮಗೇ ಹೇಳಿಕೊಳ್ಳುತ್ತಿದ್ದರು. ಕೆಂಪು ಬಣ್ಣದ ಗುರುತಿನ ಮೇಲೂ ಸ್ವಲ್ಪ ಅರಿಶಿನ ಒರೆಸಿದರು. ಹಾಲು ಎಲೆಗಳ ನಡುವೆ ಇಳಿದು ಕಾಣದೆ ಹೋಯಿತು. ಅವರ ತುಟಿ ಅಲುಗುತ್ತಿತ್ತು. ಮಕ್ಕಳ ಹೆಸರು, ತೀರಿಹೋದ ಗಂಡನ ಹೆಸರು, ಮನೆತನದ ಹೆಸರು. ನಾವು ಯಾರೂ ಒಳಗೆ ಕಾಲಿಡಲಿಲ್ಲ. ಬನದೊಳಗೆ ಸುಮ್ಮನೆ ಹೋಗಬಾರದು ಎಂದು ಅವರೇ ಹೇಳಿದ್ದರು.

ದೀಪಾವಳಿ ಕಳೆದು ಕೆಲಸದವರು ಬಂದರು. ಅರಿಶಿನದ ಕಲ್ಲು ನೋಡಿ ಗುದ್ದಲಿ ಕೆಳಗಿಟ್ಟು ಕೈಮುಗಿದರಂತೆ. ಕಂತ್ರಾಟುದಾರ ಒಂದು ದಿನ ಕೂಗಾಡಿ, ಮರುದಿನ ತಾನೇ ತೆಂಗಿನಕಾಯಿ ಒಡೆದು, ಟ್ರ್ಯಾಕನ್ನು ಸುತ್ತುಬಳಸಿ ತಿರುಗಿಸಿದ. ಆ ಭಾನುವಾರ ಧಾರವಾಡದ ಅಕ್ಕ ಡಬ್ಬಿ ತುಂಬ ಶಿರಾ ತಂದರು. "ನಿಮ್ಮ ನಾಗಪ್ಪ ಮರಾಠಿ ಕಲ್ತಾನ್ ಬಿಡ್ರಿ" ಎಂದು ದೊಡ್ಡಮ್ಮನ ಬಾಯಿಗೇ ಒಂದು ಚಮಚ ಇಟ್ಟರು. ನಾವೆಲ್ಲ ನಗುತ್ತಿದ್ದಾಗ ಹುಂಡುಕೋಳಿ ಹೆದರಿ ಕೇದಗೆಯೊಳಗೆ ಓಡಿತು. ಮೂಲೆ ಉಳಿಯಿತು ಎಂದು ನಾನು ನಂಬಿದ್ದೆ.

ಊರಿನಲ್ಲಿ ಬನ ಇರುವುದು ಮನುಷ್ಯರಿಂದ ದೂರ. ವರ್ಷಕ್ಕೊಮ್ಮೆ ಹೋಗಿ, ಹಾಲೆರೆದು, ಹಿಂದೆ ತಿರುಗಿ ನೋಡದೆ ಬರುವ ಜಾಗ. ಮುಂಬೈಯಲ್ಲಿ ದೇವರನ್ನು ಹಾಗೆ ಒಂಟಿಯಾಗಿ ಬಿಡುವವರಿಲ್ಲ. ಟ್ರ್ಯಾಕಿನಲ್ಲಿ ನಡೆಯಲು ಬಂದವರು ಕಲ್ಲಿಗೆ ಕುಂಕುಮ ಹಚ್ಚಿದರು, ಬಳಿಕ ಕರ್ಪೂರ ಹಚ್ಚಿದರು. ಸೋಮವಾರಕ್ಕೆ ಒಬ್ಬರು, ಮಂಗಳವಾರಕ್ಕೆ ಒಬ್ಬರು. ಹಾಲಿನ ಪ್ಲಾಸ್ಟಿಕ್ ತೊಟ್ಟೆಗಳು ಮುಳ್ಳುಬಳ್ಳಿಗೆ ಸಿಕ್ಕಿಕೊಂಡು ಗಾಳಿಗೆ ಪಟಪಟ ಎನ್ನುತ್ತಿದ್ದವು. ನಾನು ನಡಿಗೆಗೆ ಮೊದಲು ಹೋಗಿ ಅವುಗಳನ್ನು ಬಿಡಿಸುತ್ತಿದ್ದೆ. ನಮ್ಮ ಕಡೆಯವರೇ ಆದ ಹಿರಿಯರು, ಹೋಟೆಲುಗಳಿಂದ ನಿವೃತ್ತರಾದವರು, ಒಂದು ಸಮಿತಿ ಮಾಡಿದರು. ಎಲ್ಲರೂ ಒಳ್ಳೆಯವರೇ. ಪ್ರತಿಯೊಬ್ಬರೂ ಊರಿನ ಬನವನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುವವರೇ.

ಮೊದಲು ಕಟ್ಟೆ ಬಂತು. ಭಕ್ತರು ಜಾರಬಾರದೆಂದು ತಗ್ಗಿಗೆ ಕಟ್ಟಡ ಒಡೆದ ಡೆಬ್ರಿಸ್ ತುಂಬಿದರು. ಆಮೇಲೆ ಒಂದು ಬೆಳಿಗ್ಗೆ ಹೋದರೆ ಕೇದಗೆ ಇಲ್ಲ, ಬಳ್ಳಿಗಳಿಲ್ಲ, ಬಿಳಲುಗಳನ್ನು ಆಳೆತ್ತರಕ್ಕೆ ಸರಿಯಾಗಿ ಕತ್ತರಿಸಿದ್ದಾರೆ. ಮರ ಒಂದೇ ನಿಂತಿದೆ, ತಲೆ ಬೋಳಿಸಿ ಸ್ನಾನ ಮಾಡಿಸಿದ ಮಗುವಿನಂತೆ. ಸಮಿತಿಯ ಹಿರಿಯರೊಬ್ಬರು ಲುಂಗಿ ಎತ್ತಿ ಕಟ್ಟಿ ಮೇಸ್ತ್ರಿಗೆ ಹೇಳಿಕೊಡುತ್ತಿದ್ದರು.

"ಇದನ್ನು ಯಾಕೆ ಕಡಿದಿರಿ?" ಎಂದು ಕೇಳಿದೆ. ನನ್ನ ದನಿ ಜೋರಾಗುವುದಿಲ್ಲ. ಎರಡನೆಯ ಸಲ ಕೇಳಿದಾಗ ಅವರಿಗೆ ಕೇಳಿಸಿತು.

"ಕ್ಲೀನ್ ಮಾಡಿಸಿದ್ದು ತಂಗಿ. ಹೆಂಗಸರು ಮಕ್ಕಳು ಬರ್ತಾರಲ್ಲ, ಹಾವು ಗೀವು ಇದ್ರೆ ಕಷ್ಟ."

ಪಕ್ಕದಲ್ಲಿ ನಿಂತಿದ್ದ ಧಾರವಾಡದ ಅಕ್ಕ, "ನಾಗಪ್ಪನ ಗುಡ್ಯಾಗ ಹಾವು ಬ್ಯಾಡಂತ, ಕೇಳಿದ್ರೇನ್ರಿ ಬಾಯಾರ" ಎಂದರು. ಹಿರಿಯರೂ ನಕ್ಕರು. ತಮಾಷೆ ಎಂದುಕೊಂಡರೋ ಏನೋ.

ನಾನು ಉಸ್ತುವಾರಿಯ ಸಾಹೇಬರ ಹತ್ತಿರ ಹೋದೆ. "ಮೇಡಂ, ಪೆಹಲೇ ಟ್ರ್ಯಾಕ್ ರೋಕಾ ಆಪಲೋಗೋನೇ. ಅಬ್ ಮಂದಿರ್ ಕೌನ್ ರೋಕೇಗಾ?" ಎಂದರು. ಟ್ರ್ಯಾಕನ್ನು ತಡೆದವರು ನೀವೇ, ಈಗ ಗುಡಿಯನ್ನು ಯಾರು ತಡೆಯುತ್ತಾರೆ ಎಂದು ಅವರ ಮಾತು. ಕೋಪವಿರಲಿಲ್ಲ ಅವರಿಗೆ. ಕುರ್ಚಿ ಎಳೆದು ಕೊಟ್ಟರು, ಚಹಾ ತರಿಸಿದರು. ಲೋಟದ ಅಂಚಿನಲ್ಲಿ ಒಂದು ಇರುವೆ ಸುತ್ತುತ್ತಿತ್ತು. ಅದು ಇಳಿದು ಹೋಗುವವರೆಗೆ ನೋಡುತ್ತ ಕೂತು, ಕುಡಿಯದೆ ಎದ್ದು ಬಂದೆ.

ಮನೆಯಲ್ಲಿ ಹೇಳಿದಾಗ ಮಗಳು ಮೊಬೈಲಿನಿಂದ ತಲೆ ಎತ್ತಿದಳು. "ಮಮ್ಮಿ, ಆದರೆ ಝಾಡ್ ತೋ ಬಚ್ ಗಯಾ ನಾ? ನೀನು... ನಿನಗೆ ಅದೇ ಬೇಕಿತ್ತು ಅಲ್ಲ?"

ಮರ ಉಳಿದಿತ್ತು, ನಿಜ. ಸಿಮೆಂಟು ಬುಡವನ್ನು ಸುತ್ತಿ ಹಿಡಿದಿದ್ದರೂ ಚಿಗುರಿತ್ತು. ಹೋದದ್ದು ಏನೆಂದು ತೋರಿಸಲು ನನ್ನ ಬಳಿ ಒಂದು ಒಣಕಡ್ಡಿಯೂ ಇರಲಿಲ್ಲ. ಹುಂಡುಕೋಳಿ ಎಲ್ಲಿಗೆ ಹೋಯಿತೋ. ಖಾಡಿಯ ಅಂಚಿನ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬಳಿ ಕೆಲವು ದಿನ ಹುಡುಕಿದೆ. ಹೋದ ಹಕ್ಕಿಗೆ ಹೊಸ ಜಾಗ ಸಿಕ್ಕೇ ಸಿಗುತ್ತದೆ ಎಂದು ಗಂಡ ಸಮಾಧಾನ ಹೇಳಿದರು. ಈ ನಗರದಲ್ಲಿ ಬಾಡಿಗೆ ಮನೆ ಹುಡುಕಿದವರು ಹಾಗೆ ಹೇಳಬಾರದು.

ಆದರೂ ಭಾನುವಾರದ ನಡಿಗೆ ಬಿಡಲಿಲ್ಲ. ಪೇಪರ್ ಹಾಸಿ ಕೂರಲು ಅಲ್ಲಿ ಈಗ ಮಣ್ಣಿರಲಿಲ್ಲ. ಮೂಲೆ ತಲುಪುತ್ತಲೇ ನನ್ನ ಹೆಂಗಸರು ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಸಾಲಿನಲ್ಲಿ ನಿಲ್ಲುತ್ತಿದ್ದರು. ನಾನು ಮರದ ಮೇಲಿನ ಹಸಿರು ಪಾರಿವಾಳವನ್ನು ತೋರಿಸಲು ಕೈ ಎತ್ತಿದರೆ ಎಲ್ಲರ ಕಣ್ಣೂ ಮುಚ್ಚಿರುತ್ತಿತ್ತು. ಒಂದು ಸಲ ಒಬ್ಬರು ಬಹಳ ಸಂಕೋಚದಿಂದ ಕೇಳಿದರು: "ಬೇಜಾರು ಮಾಡ್ಬೇಡಿ. ಮೊದಲು ದರ್ಶನ ಮುಗಿಸಿ, ಆಮೇಲೆ ನಿಮ್ಮ ಹಕ್ಕಿ ನೋಡಿದ್ರೆ ಆಗುದಿಲ್ವಾ? ಬಿಸಿಲೇರುವ ಮೊದಲು ಮನೆಗೆ ಹೋಗ್ಬಹುದು." ಉಳಿದವರು ನೆಲ ನೋಡಿದರು. ಅವರೆಲ್ಲ ಮೊದಲೇ ಮಾತಾಡಿಕೊಂಡಿದ್ದರು ಎಂದು ತಿಳಿಯಿತು. ಆಗಲಿ ಎಂದೆ. ದರ್ಶನ ಮುಗಿದ ಮೇಲೆ ನನ್ನ ಜೊತೆ ನಡೆದವರು ಧಾರವಾಡದ ಅಕ್ಕ ಒಬ್ಬರೇ. ಮರುವಾರ ಅವರ ಗಂಡನಿಗೆ ಬೆಳಗಾವಿಗೆ ವರ್ಗವಾಯಿತು.

ಮುಂದಿನ ಪಂಚಮಿಗೆ ದೊಡ್ಡಮ್ಮ ತಮ್ಮನ್ನು ಆ ಬನಕ್ಕೆ ಕರೆದುಕೊಂಡು ಹೋಗು ಎಂದರು. ಆ ಶಿರಾದ ಭಾನುವಾರದ ಬಳಿಕ, ಮೈ ಸರಿಯಿಲ್ಲದೆ, ಅವರು ಮನೆ ಬಿಟ್ಟಿರಲಿಲ್ಲ, ಏನೇನಾಗಿದೆಯೆಂದು ನಾನೂ ಹೇಳಿರಲಿಲ್ಲ. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅವರು ಅಳುತ್ತಾರೆ, ಬೈಯುತ್ತಾರೆ, ಇದು ಬನವಲ್ಲ ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ಕಾಯುತ್ತಿದ್ದೆ ಎಂದೇ ಹೇಳಬೇಕು. ಆ ಒಂದು ಮಾತು ಅವರ ಬಾಯಿಂದ ಬಂದರೆ ನನಗೆ ಇನ್ನೊಬ್ಬರು ಜೊತೆಯಾಗುತ್ತಿದ್ದರು.

ಸ್ಟೀಲಿನ ಕಂಬಿ ಹಿಡಿದು ಅವರು ಮೆಟ್ಟಿಲು ಹತ್ತಿದರು. ಬಿಳಿ ಟೈಲ್ಸ್, ತಗಡಿನ ಮಾಡು, ಭಟ್ಟರು, ಮೈಕು. ಕರಿಕಲ್ಲಿನ ಜಾಗದಲ್ಲಿ ಊರಿನಿಂದ ಕೆತ್ತಿಸಿ ತಂದ ಹೆಡೆಯ ಕಲ್ಲು. ದೊಡ್ಡಮ್ಮ ಅಂಗೈಯಿಂದ ಟೈಲ್ಸನ್ನು ನಿಧಾನವಾಗಿ ಸವರಿದರು. ಅವರ ಕಣ್ಣಲ್ಲಿ ನೀರು ಬಂತು.

"ಎಷ್ಟು ಚಂದ ಮಾಡಿದ್ದಾರೆ ನೋಡು" ಎಂದರು. "ನಾನು ಬರೀ ಒಂದು ಕಲ್ಲು ತೊಳೆದದ್ದು. ಊರಿನ ಬನಕ್ಕೂ ಹೀಗೇ ಟೈಲ್ಸ್ ಹಾಕಿಸಿದ್ದಾರಂತೆ, ನನ್ನ ತಮ್ಮ ಫೋಟೋ ಕಳಿಸಿದ್ದ. ಇನ್ನು ನಾನು ಸತ್ರೂ ಚಿಂತೆ ಇಲ್ಲ."

ಅವರು ಎರೆದ ಹಾಲು ಟೈಲ್ಸಿನ ಮೇಲೆ ಹರಿದು ಮೂಲೆಯ ಜಾಲರಿಯೊಳಗೆ ಇಳಿಯಿತು. ನಾನು ಕೊಡೆ ಹಿಡಿದುಕೊಂಡೇ ನಿಂತಿದ್ದೆ, ತಗಡಿನ ಮಾಡಿನ ಕೆಳಗೆ.

ಟ್ಯಾಕ್ಸಿಯಲ್ಲಿ ಹಿಂದಿರುಗುವಾಗ ಅವರು ಪ್ರಸಾದದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, "ಭಾನುವಾರ ನಾನೂ ಬರ್ತೇನೆ ನಿನ್ನ ನಡಿಗೆಗೆ. ಈಗ ಧೈರ್ಯ ಬಂತು" ಎಂದರು.

"ನಾನು ಬಿಟ್ಟುಬಿಟ್ಟೆ, ದೊಡ್ಡಮ್ಮ."

ಹಾಗೆ ಹೇಳುವವರೆಗೆ ನಾನು ಬಿಟ್ಟಿರಲಿಲ್ಲ.

"ಯಾಕೆ? ಕಾಲು ನೋವಾ?"

"ಹೌದು. ಕಾಲು ನೋವು."

"ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕು, ಸರಿ ಆಗ್ತದೆ" ಎಂದು ಅವರು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. ಮನೆ ಬರುವವರೆಗೂ ಆ ಕೈ ತೆಗೆಯಲಿಲ್ಲ.